ಸುಣ್ಣದ ಹರಳು

ನಾನು ಮಾಡಿದ ಮೊದಲ ನೆಟ್ಟನೆಯ ಗಡಿಗೆ ಬೆಂಕಿಯನ್ನು ದಾಟಿ ಬಂದು ಷೋಕೇಸಿನಲ್ಲಿ ಒಡೆಯಿತು. ಆವಿಗೆಯಿಂದ ತೆಗೆದಾಗ ಕೆಂಪಗೆ, ಗುಂಡಗೆ ಇತ್ತು. ಬೆರಳಿನಿಂದ ತಟ್ಟಿದರೆ ಟಣ್ ಅನ್ನುತ್ತಿತ್ತು. ಟಿವಿ ಪಕ್ಕ ಇಟ್ಟು ಮನೆಗೆ ಬಂದವರಿಗೆಲ್ಲ ತೋರಿಸಿದ್ದೂ ಆಯಿತು. ಐದನೇ ದಿನ ಬೆಳಿಗ್ಗೆ ನೋಡಿದರೆ ಅದರ ಹೊಟ್ಟೆಯಿಂದ ಎಂಟಾಣೆ ಅಗಲದ ಚಕ್ಕೆ ಹಾರಿ ಕೆಳಗೆ ಬಿದ್ದಿದೆ. ಕುಳಿಯ ನಟ್ಟನಡುವೆ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ. ಕಂಪ್ಲಿ ಕಡೆಯ ಕುಂಬಾರ ಅಜ್ಜಾರ ಹತ್ತಿರ ಒಯ್ದೆ. ಅವರು ಗಡಿಗೆಯನ್ನು ಕೈಗೂ ತಗೊಳ್ಳಲಿಲ್ಲ. "ಸುಣ್ಣದ ಹಳ್ಳು ತಮ್ಮಾ. ಮಣ್ಣು ಸೋಸಿಲ್ಲ ನೀನು," ಅಂದರು.

ನಮ್ಮ ಸೀಮೆಯ ಎರೆ ಮಣ್ಣಿನಲ್ಲಿ ಸುಣ್ಣದ ಹರಳು ಇದ್ದದ್ದೇ. ಮಡಕೆಯ ಜೊತೆ 800 ಡಿಗ್ರಿ ಆಸುಪಾಸಿನಲ್ಲಿ ಬೆಂದಾಗ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಮೆಲ್ಲಗೆ ಗಾಳಿಯ ತೇವ ಹೀರುತ್ತ ಅರಳುತ್ತದೆ. ಒಳಗೆ ಜಾಗವಿಲ್ಲ, ಗೋಡೆಯನ್ನೇ ಒದೆಯುತ್ತದೆ. ಸುಟ್ಟ ಸುಣ್ಣಕ್ಕೆ ನೀರು ಕಲೆಸಿ ಕೈ ಸುಟ್ಟುಕೊಂಡವರಿಗೆ ಇದರ ಸಿಟ್ಟು ಗೊತ್ತಿರುತ್ತದೆ.

ನಾನು ಹವ್ಯಾಸಿ. ಹೊಸಪೇಟೆಯಲ್ಲಿ ವಾರವಿಡೀ ಕಡತ, ಭಾನುವಾರ ಮಣ್ಣು. ಮಾಳಿಗೆಯ ಮೇಲೆ ಕರೆಂಟಿನ ತಿಗರಿ, ಪಕ್ಕದಲ್ಲಿ ಎರಡು ಬಕೆಟ್ ನೀರು. ಎರಡು ಯಾಕೆಂದರೆ ಈ ಹವ್ಯಾಸದ ಮೊದಲ ನಿಯಮ ಸಿಂಕಿನಲ್ಲಿ ಕೈ ತೊಳೆಯಬಾರದು ಎನ್ನುವುದು. ಪೈಪು ಬಿಚ್ಚಿಸಿದ ದಿನ ಮನೆಯವಳು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ. ಖಾದಿ ಗ್ರಾಮೋದ್ಯೋಗ ಆಯೋಗ 2018ರಿಂದ ಕುಂಬಾರರಿಗೆ ಕರೆಂಟಿನ ತಿಗರಿ ಕೊಡುತ್ತಿದೆ. ಕೋಲಿನಿಂದ ತಿರುವಿ ಭುಜ ಸವೆಸಿಕೊಂಡವರಿಗೆ ಅದು ದೊಡ್ಡ ನೆರವು. ಕ್ರಮವಾಗಿ ಕಲಿಯುವವರಿಗೆ ಖಾನಾಪುರದಲ್ಲಿ ಆಯೋಗದ್ದೇ ಕುಂಬಾರಿಕೆ ಸಂಸ್ಥೆ ಇದೆ. ನನ್ನಂಥವರದು ನೋಡಿ ಕಲಿತದ್ದು, ಕೆಡಿಸಿ ಕಲಿತದ್ದು.

ನೋಡುವವರ ಕಣ್ಣೆಲ್ಲ ತಿಗರಿಯ ಮೇಲೇ. ತಿರುಗುವ ಮುದ್ದೆಯಿಂದ ಕಂಠ ಏಳುವುದನ್ನು ಕಂಡರೆ ಯಾರಿಗಾದರೂ ಮರುಳು ಹಿಡಿಯುತ್ತದೆ, ನನಗೂ ಹಿಡಿದದ್ದು ಹಾಗೆಯೇ. ಆದರೆ ತಿಗರಿಯ ಮೇಲೆ ಒಂದು ಗಡಿಗೆ ಕೂರುವುದು ಹತ್ತು ನಿಮಿಷ. ಮಣ್ಣು ಹುಡುಕಿ, ಒಣಗಿಸಿ, ಕುಟ್ಟಿ, ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ನೀರು ಇಂಗಿಸಿ, ತುಳಿದು, ನಾದಿ ಹದಕ್ಕೆ ತರಲು ಹತ್ತು ದಿನವೂ ಸಾಲದು. ಎರೆ ಮಣ್ಣು ಒಂದೇ ಆದರೆ ಅಂಟಂಟು. ಬೇಸಿಗೆಯಲ್ಲಿ ಹೊಲ ಬಾಯಿ ಬಿಡುವ ಹಾಗೆ ಮಡಕೆಯೂ ಬಿಡುತ್ತದೆ. ಕೆಂಪು ಮಣ್ಣು ಒಂದೇ ಆದರೆ ನಿಲ್ಲದೆ ಉದುರುತ್ತದೆ. ಕುಂಬಾರರು ನೆಚ್ಚಿಕೊಂಡದ್ದು ಕೆರೆಯಂಗಳದ ಮಣ್ಣನ್ನು. ಅದಕ್ಕೆ ಸಣ್ಣ ಮರಳು, ಬೂದಿ, ಭತ್ತದ ಹೊಟ್ಟು ಬೆರೆಸಿ ಬಿಗಿ ಕಡಿಮೆ ಮಾಡುತ್ತಾರೆ. ಕಂಪ್ಲಿ ಭತ್ತದ ಊರು, ಹೊಟ್ಟಿಗೆ ಬರವಿಲ್ಲ.

ಮಣ್ಣಿನ ಹುಚ್ಚು ಹತ್ತಿದ ಮೇಲೆ ಪೇಪರು ಓದುವ ರೀತಿಯೂ ಬದಲಾಯಿತು. ತುಂಗಭದ್ರಾ ಜಲಾಶಯ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಹೂಳು ತುಂಬಿ ಈಗ 105 ಟಿಎಂಸಿ ಚಿಲ್ಲರೆಗೆ ಇಳಿದಿದೆ ಎಂದು ಓದಿದಾಗ ರೈತರು ಹೊಟ್ಟೆ ಹಿಡಿದುಕೊಳ್ಳುತ್ತಾರೆ. ನನಗೆ ಮೊದಲು ಹೊಳೆದದ್ದು ಅಷ್ಟೊಂದು ನುಣುಪು ಮಣ್ಣು! ನಾಚಿಕೆಯೂ ಆಯಿತೆನ್ನಿ.

ಸಂಡೂರು ಎಂದರೆ ಜನಕ್ಕೆ ಗಣಿ ಮತ್ತು ಲಂಬಾಣಿ ಕಸೂತಿ. ನನಗೆ ಅದು ಬಣ್ಣದ ಊರು. ಗೆಳೆಯನ ಹೊಲದಿಂದ ತಂದ ಒಂದು ಚೀಲ ಕೆಮ್ಮಣ್ಣು ಎರಡು ವರ್ಷ ಬಂದಿದೆ. ನೀರಿನಲ್ಲಿ ಕಲಕಿ, ದಪ್ಪದ್ದು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬಸಿದು ಇಡುತ್ತೇನೆ. ಕೆನೆಯಂತೆ ಗಟ್ಟಿಯಾದಾಗ ಅರೆ ಒಣಗಿದ ಮಡಕೆಗೆ ಸವರಿ, ಹೊಳೆಯ ನುಣ್ಣನೆ ಕಲ್ಲಿನಿಂದ ತಿಕ್ಕಿದರೆ ಹೊಳಪು ಬರುತ್ತದೆ. ಆ ಕೆಂಪೆಲ್ಲ ಕಬ್ಬಿಣ. ಗಾಳಿಯಾಡುವ ಬೆಂಕಿಯಲ್ಲಿ ಅದು ಕೆಂಪಾಗಿಯೇ ಉಳಿಯುತ್ತದೆ; ಗಾಳಿ ಕಟ್ಟಿ ಹೊಗೆ ಕೂಡಿಸಿದರೆ ಅದೇ ಮಡಕೆ ಕಪ್ಪಾಗುತ್ತದೆ.

ಅಜ್ಜಾರ ಮನೆಯಲ್ಲಿ ನಾನು ಕಲಿತದ್ದರಲ್ಲಿ ಹೆಚ್ಚಿನದು ಅಜ್ಜಿಯ ಕೈ ನೋಡಿ. ತಿಗರಿಯಿಂದ ಇಳಿದ ಗಡಿಗೆ ಆಗಿನ್ನೂ ದಪ್ಪ, ತಳವೂ ಇಲ್ಲ. ಅರೆ ಹಸಿ ಇರುವಾಗ ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಎಡಗೈಯಲ್ಲಿ ದುಂಡು ಕಲ್ಲು ಆನಿಸಿ, ಹೊರಗಿನಿಂದ ಮರದ ಹಲಗೆಯಲ್ಲಿ ಬಡಿಯುತ್ತ ಹೋಗುತ್ತಾರೆ. ಹೊಟ್ಟೆ ಹಿಗ್ಗುತ್ತದೆ, ಗೋಡೆ ತೆಳುವಾಗುತ್ತದೆ, ತಳ ಕೂಡುತ್ತದೆ. ಕಣ್ಣಿಗೆ ಕಾಣದ ಕಲ್ಲು ಹಲಗೆ ಬೀಳುವ ಜಾಗಕ್ಕೇ ಸರಿಯಾಗಿ ಹೋಗಿ ನಿಲ್ಲುತ್ತದೆ. ಬಡಿತ ಒಂದು ಕಡೆ ಹೆಚ್ಚಾದರೆ ಅಜ್ಜಿಗೆ ಅದು ಗೊತ್ತಾಗುವುದು ಸಪ್ಪಳದಲ್ಲಿ. ಗುಂಡು ತಳಕ್ಕೆ ಮೂಲೆಯಿಲ್ಲ, ಹಾಗಾಗಿ ಮೂರು ಕಲ್ಲಿನ ಒಲೆಯ ಮೇಲೆ ಕಾವು ಸಮನಾಗಿ ಹರಡುತ್ತದೆ. ಗ್ಯಾಸಿನ ಸ್ಟ್ಯಾಂಡಿಗೆ ಹೊಂದುವ ಚಪ್ಪಟೆ ತಳ ಕೇಳುವವರು ಈಗ ಹೆಚ್ಚು. ಚಪ್ಪಟೆ ಮಾಡುವುದು ಸುಲಭ, ಬಾಳಿಕೆ ಕಡಿಮೆ ಎನ್ನುವುದು ಅಜ್ಜಿಯ ತಕರಾರು.

ಹಂಪಿಯನ್ನು ಕಲ್ಲಿನ ಊರು ಎನ್ನುತ್ತೇವೆ. ಆದರೆ ಅಲ್ಲಿ ಮಣ್ಣೂ ಇದೆ: ವಿರೂಪಾಕ್ಷ ಗೋಪುರದ ಮೇಲಂತಸ್ತುಗಳು ಇಟ್ಟಿಗೆ ಗಾರೆಯವು. ನೀರು ಹರಿಸಲು ಸುಟ್ಟ ಮಣ್ಣಿನ ಕೊಳವೆಗಳೂ ಇದ್ದವು. ಇನ್ನು ಮಡಕೆ ಚೂರುಗಳಿಗೆ ಲೆಕ್ಕವಿಲ್ಲ. ಅಮೆರಿಕದ ಪುರಾತತ್ವಜ್ಞೆ ಕಾರ್ಲಾ ಸಿನೊಪೊಲಿ ಈ ಚೂರುಗಳನ್ನೇ ವರ್ಷಗಟ್ಟಲೆ ಅಳೆದು, ವಿಂಗಡಿಸಿ 1993ರಲ್ಲಿ ಪುಸ್ತಕ ಮಾಡಿದರು. ಶ್ರೀಮಂತರ ಬಿಡಾರಗಳಿದ್ದ ಭಾಗದಲ್ಲಿ ಚೀನಾದ ಪಿಂಗಾಣಿಯ ತುಣುಕೂ ಸಿಕ್ಕಿದೆ. ಆದರೆ ಅಡುಗೆಯಾದದ್ದು, ನೀರು ತಣಿದದ್ದು ಇಲ್ಲಿಯ ಮಣ್ಣಿನಲ್ಲೇ. ನೇಕಾರರು, ಗಾಣಿಗರು, ಅಕ್ಕಸಾಲಿಗರು ಶಾಸನಗಳಲ್ಲಿ ಸಿಗುತ್ತಾರೆ, ಕುಂಬಾರರು ಸಿಗುವುದು ಅಪರೂಪ. ಎಲ್ಲರ ಮನೆಯಲ್ಲೂ ಇದ್ದ ಸಾಮಾನಿಗೆ ಯಾರು ತಾನೆ ಕಲ್ಲು ಕೆತ್ತಿಸುತ್ತಾರೆ? ಹಂಪಿಯ ವಿರೂಪಾಕ್ಷನ ಭಕ್ತನಾಗಿದ್ದ ಹರಿಹರ ಕವಿ ಮಾತ್ರ ಕುಂಬಾರ ಗುಂಡಯ್ಯನ ಮೇಲೆ ಒಂದು ರಗಳೆಯನ್ನೇ ಬರೆದ. ಗುಂಡಯ್ಯ ಗಡಿಗೆ ತಟ್ಟುವ ಸದ್ದಿಗೆ ಶಿವ ಬಂದು ಕುಣಿಯುತ್ತಾನೆ. ಅಜ್ಜಿ ಬಡಿಯುವಾಗ ಪಕ್ಕದಲ್ಲಿ ಕೂತಿದ್ದರೆ ಆ ಕಥೆ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಸುಡುವುದು ವರ್ಷಕ್ಕೆ ಮೂರು ಸಲ, ಭತ್ತ ಕೊಯ್ದ ಗದ್ದೆಯಲ್ಲಿ. ತಳಕ್ಕೆ ಕುಳ್ಳು, ಮೇಲೆ ಬೋರಲು ಹಾಕಿದ ಮಡಕೆಗಳು, ಸಂದಿಗೆ ಹೊಟ್ಟು, ಅದರ ಮೇಲೆ ಹುಲ್ಲು, ಕೊನೆಗೆ ಕೆಸರಿನ ಸಾರಣೆ. ಮಣ್ಣಿನಲ್ಲಿರುವ ಬೆಣಚು ಮರಳು 573 ಡಿಗ್ರಿಯಲ್ಲಿ ಥಟ್ಟನೆ ಹಿಗ್ಗುತ್ತದೆ, ಆರುವಾಗ ಅಷ್ಟೇ ಥಟ್ಟನೆ ಕುಗ್ಗುತ್ತದೆ, ಅವಸರದಲ್ಲಿ ತೆಗೆದರೆ ಮಡಕೆ ಬಿರಿಯುತ್ತದೆ ಎಂದು ನಾನು ಓದಿಕೊಂಡಿದ್ದೆ. ಅಜ್ಜಾರಿಗೆ ಡಿಗ್ರಿ ಬೇಡ. "ಬೂದ್ಯಾಗ ಕೈ ಇಟ್ಟು ಹತ್ತು ಎಣಸಾಕ ಬಂದ್ರ ತೆಗಿ, ಇಲ್ಲಂದ್ರ ಮನಿಗೆ ಹೋಗು." ಸಗಣಿಯ ಬೆಂಕಿಯನ್ನು ಹಗುರ ಮಾಡಬೇಡಿ. ಹಂಪಿ ಬಳಿಯ ನಿಂಬಾಪುರದಲ್ಲಿ ವಾಲಿಯನ್ನು ಸುಟ್ಟ ಜಾಗ ಎಂದು ಜನ ತೋರಿಸುವ ಬೂದಿದಿಬ್ಬ ಇದೆ. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸಗಣಿ ರಾಶಿ ಸುಟ್ಟದ್ದು ಎಂದು 1960ರ ದಶಕದಲ್ಲಿ ಪುರಾತತ್ವಜ್ಞ ಆಲ್ಚಿನ್ ತೋರಿಸಿದರು. ಕೆಲವು ದಿಬ್ಬಗಳಲ್ಲಿ ಬೂದಿಯೇ ಕರಗಿ ಗಾಜಿನ ಹಾಗೆ ಗಟ್ಟಿಯಾಗಿದೆ.

ನನ್ನ ಹದಿನೈದು ಮಡಕೆಯಲ್ಲಿ ಆರು ಒಡೆದರೆ ಮನೆಯಲ್ಲಿ ನಗುತ್ತಾರೆ, ಚೂರು ಹೂಕುಂಡದ ತಳಕ್ಕೆ ಹೋಗುತ್ತದೆ. ಅಜ್ಜಾರ ಆವಿಗೆಯಲ್ಲಿ ಮಳೆ ಹೊಕ್ಕ ವರ್ಷ ದೀಪಾವಳಿಯ ಹಣತೆಯೂ ಹೋಯಿತು, ಆ ಸಂತೆಯ ದುಡ್ಡೂ ಹೋಯಿತು. ನನ್ನ ಹವ್ಯಾಸದ ಬಗ್ಗೆ ಅವರಿಗೆ ಮೊದಲಿದ್ದ ಗುಮಾನಿ ಇದೇ: ದುಡ್ಡು ಕೊಟ್ಟು ಕೈ ಕೆಸರು ಮಾಡಿಕೊಳ್ಳುವವನು ಎಂಥ ಮನುಷ್ಯ?

ಹೋದ ವಾರ ಹೊಸ ಹರವಿ ಒಯ್ದಿದ್ದೆ. ಈ ಸಲ ಮಣ್ಣನ್ನು ಎರಡು ಸಲ ಪಂಚೆಯಲ್ಲಿ ಸೋಸಿದ್ದೆ. ಅಜ್ಜಾರು ಕೈಗೆ ತಗೊಂಡರು, ತಿರುಗಿಸಿದರು, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. "ನೀರು ಹಾಕಿ ಇಟ್ಟು ನೋಡು," ಎಂದು ಊಟಕ್ಕೆ ಎದ್ದರು.

ನೀರು ಹಾಕಿಟ್ಟಿದ್ದೇನೆ. ಇವತ್ತಿಗೆ ನಾಲ್ಕನೇ ದಿನ.