ಎಂಟನೆಯ ಬಿಟ್ ಕಳಚಿದರೆ ‘ಕ’ ಹೋಗಿ ‘3’!

ನಮ್ಮ ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನದ ಕನ್ನಡ ಅಕ್ಷರಗಳು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಉಳಿದುಬಂದಿವೆ. ಆದರೆ ದೂರವಾಣಿ ತಂತಿಯ ಮೇಲೆ ಹೊರಟ ಕನ್ನಡ ಅಕ್ಷರ ಕ್ಷಣಾರ್ಧದಲ್ಲಿ ಬೇರೆಯದೇ ಆಗಿಬಿಡಬಹುದು. ಏಕೆ? ಹಳೆಯ ಗಣಕವೊಂದಕ್ಕೆ ಮೋಡೆಮ್ ಜೋಡಿಸುವ ಬಗೆ ತಿಳಿದರೆ ಉತ್ತರ ಸಿಗುತ್ತದೆ.

1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ನಮ್ಮ ದೇಶದ ಹಲವು ಶಾಲೆಗಳಿಗೆ ಬ್ರಿಟನ್ನಿನ ‘ಬಿಬಿಸಿ ಮೈಕ್ರೊ’ ಗಣಕಗಳು ಬಂದವು. ಅದರ ಬಿ ಮಾದರಿಯ ಹಿಂಬದಿಯಲ್ಲಿ ಐದು ಪಿನ್ನುಗಳ ಸಾಕೆಟ್ಟೊಂದಿದೆ. ಮೋಡೆಮ್‌ನ ಒಂದು ಕೇಬಲ್ ಅಲ್ಲಿಗೆ, ಇನ್ನೊಂದು ದೂರವಾಣಿ ತಂತಿಗೆ.

ದೂರವಾಣಿ ಇರುವುದು ಮನುಷ್ಯರ ಮಾತಿಗಾಗಿ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರಗಳನ್ನಷ್ಟೇ ಅದು ಸಾಗಿಸುತ್ತದೆ. ಗಣಕಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಮೋಡೆಮ್ ಇವೆರಡರ ನಡುವಿನ ದುಭಾಷಿ. ಸೆಕೆಂಡಿಗೆ 300 ಬಿಟ್ ವೇಗದ ‘ವಿ.21’ ಪದ್ಧತಿಯಲ್ಲಿ ಕರೆ ಮಾಡಿದ ಮೋಡೆಮ್ ‘ಒಂದ’ನ್ನು 980, ‘ಸೊನ್ನೆ’ಯನ್ನು 1180 ಹರ್ಟ್ಸ್ ಸ್ವರವಾಗಿಸುತ್ತದೆ. ಉತ್ತರಿಸುವ ಮೋಡೆಮ್‌ನ ಸ್ವರಗಳು 1650 ಮತ್ತು 1850. ಎರಡೂ ಒಟ್ಟಿಗೆ ಮಾತನಾಡಿದರೂ ಗೊಂದಲವಿಲ್ಲ!

ಮೊದಲು ವೇಗ ಹೊಂದಿಸಬೇಕು. ‘*ಎಫ್‌ಎಕ್ಸ್ 7,3’ ಎಂದರೆ ಸ್ವೀಕರಿಸುವ ವೇಗ 300. ‘*ಎಫ್‌ಎಕ್ಸ್ 8,3’ ಎಂದರೆ ಕಳಿಸುವ ವೇಗ 300. ಪ್ರತಿ ಅಕ್ಷರಕ್ಕೆ ಆರಂಭಸೂಚಕ ಒಂದು, ಅಕ್ಷರದ್ದು ಎಂಟು, ಮುಕ್ತಾಯಸೂಚಕ ಒಂದು, ಹೀಗೆ 10 ಬಿಟ್. ಅಂದರೆ ಸೆಕೆಂಡಿಗೆ 30 ಅಕ್ಷರ. 1500 ಅಕ್ಷರಗಳ ಪುಟಕ್ಕೆ 50 ಸೆಕೆಂಡು.

ಇಂಗ್ಲಿಷಿನ ‘ಆಸ್ಕಿ’ ಸಂಕೇತಗಳು 128. ಅವಕ್ಕೆ ಏಳೇ ಬಿಟ್ ಸಾಕು. ಆದ್ದರಿಂದ ಹಲವೆಡೆ ಅಕ್ಷರಕ್ಕೆ ಏಳು ಬಿಟ್ ಮಾತ್ರ ಕೊಟ್ಟು, ಎಂಟನೆಯದನ್ನು ತಪ್ಪು ಪತ್ತೆಗೆ ಬಳಸುತ್ತಿದ್ದರು. ಕನ್ನಡಕ್ಕೆ ಕುತ್ತು ಬಂದದ್ದು ಇಲ್ಲಿಯೇ. 1991ರ ಭಾರತೀಯ ಮಾನಕ ‘ಇಸ್ಕಿ’ಯಲ್ಲಿ ‘ಕ’ದ ಸಂಖ್ಯೆ 179. ಎಂಟನೆಯ ಬಿಟ್‌ನ ಬೆಲೆ 128. ಅದು ಕಳಚಿದರೆ ಉಳಿಯುವುದು 51; ಆಸ್ಕಿಯಲ್ಲಿ 51 ಎಂದರೆ ‘3’ ಎಂಬ ಅಂಕಿ! ತಂತಿ ಸರಿ, ವೇಗವೂ ಸರಿ. ಕಳಿಸಿದ್ದು ‘ಕ’, ತಲುಪಿದ್ದು ‘3’. ಪರಿಹಾರ ಒಂದೇ: ಎರಡೂ ತುದಿಯವರು ಎಂಟು ಬಿಟ್ ಎಂದು ಮೊದಲೇ ಒಪ್ಪಿಕೊಳ್ಳಬೇಕು.

ಇಂದು ಬಳಕೆಯಲ್ಲಿರುವ ‘ಯುಟಿಎಫ್-8’ ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ 224, 178, 149 ಎಂಬ ಮೂರು ಸಂಖ್ಯೆಗಳು. ವಿದ್ಯಾರ್ಥಿಗಳೇ, ಇವನ್ನು ದ್ವಿಮಾನ ಪದ್ಧತಿಗೆ ತಿರುಗಿಸಿ, ಪಾಲಕರಿಗೂ ತೋರಿಸಿ. ಮೂರರಲ್ಲೂ ಎಡತುದಿಯ ಆ ಎಂಟನೆಯ ಬಿಟ್ ‘1’ ಆಗಿರುವುದು ಕಂಡೀತು.