ಕಲ್ಲು ಎಲ್ಲಿಯದು?

1989ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ, ಸಿಡ್ನಿಯ ಮಕ್ವಾರಿ ವಿಶ್ವವಿದ್ಯಾನಿಲಯದ ಪ್ರಾಗ್ಜೀವಶಾಸ್ತ್ರಜ್ಞ ಜಾನ್ ಟ್ಯಾಲೆಂಟ್ ಎಂಬವರ ಲೇಖನವೊಂದು ಅಚ್ಚಾಯಿತು. ಊರೂರು ಅಲೆಯುವ ಪಳೆಯುಳಿಕೆಗಳ ಪ್ರಕರಣ ಎಂಬ ಅರ್ಥದ ಅದರ ಶೀರ್ಷಿಕೆಯಲ್ಲಿ ವಿನೋದವಿತ್ತು, ಒಳಗಿದ್ದುದು ವಿನೋದವಲ್ಲ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾನಿಲಯದ ಭೂವಿಜ್ಞಾನಿ ವಿಶ್ವಜಿತ್ ಗುಪ್ತರು ಸುಮಾರು ಇಪ್ಪತ್ತೈದು ವರ್ಷಗಳ ಕಾಲ, ಮುನ್ನೂರಕ್ಕೂ ಮಿಕ್ಕ ಪ್ರಬಂಧಗಳಲ್ಲಿ, ಹಿಮಾಲಯದಲ್ಲಿ ದೊರೆತುವೆಂದು ವರ್ಣಿಸಿದ್ದ ಪಳೆಯುಳಿಕೆಗಳ ಪೈಕಿ ಎಷ್ಟೋ ಹಿಮಾಲಯವನ್ನು ಕಂಡವೇ ಅಲ್ಲವೆಂದೂ, ಕೆಲವು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಆಮ್ಸ್‌ಡೆಲ್ ಕ್ರೀಕ್ ಎಂಬ ಹಳ್ಳದ ದಂಡೆಯಿಂದಲೂ ಮತ್ತೆ ಕೆಲವು ಮೊರಾಕ್ಕೋ ದೇಶದ ಎರ್ಫೂದ್ ಎಂಬಲ್ಲಿಂದಲೂ ಬಂದಂತೆ ತೋರುತ್ತವೆಂದೂ ಟ್ಯಾಲೆಂಟರು ಆ ಲೇಖನದಲ್ಲಿ ವಾದಿಸಿದ್ದರು.

ಕಲ್ಲಿನೊಳಗೆ ಹುದುಗಿರುವ, ಕೋಟ್ಯಂತರ ವರ್ಷಗಳ ಹಿಂದೆ ಸತ್ತ ಒಂದು ಕ್ಷುದ್ರ ಜಂತುವಿನ ಊರು ಯಾವುದಾದರೇನು ಎಂದು ಲೌಕಿಕರಿಗೆ ತೋರುವುದು ಸಹಜವೇ. ಆದರೆ ಆ ಶಾಸ್ತ್ರದಲ್ಲಿ ಊರೇ ಸರ್ವಸ್ವ. ಆಕ್ಷೇಪಕ್ಕೆ ಗುರಿಯಾದ ವಸ್ತುಗಳಲ್ಲಿ ಮುಖ್ಯವಾದುವು ಕಾನೊಡಾಂಟ್ ಎಂಬವು. ಪ್ರಾಚೀನ ಕಡಲುಗಳಲ್ಲಿ ಈಜಾಡಿ ಅಳಿದುಹೋದ, ಹಾವುಮೀನಿನ ಆಕಾರದ ಒಂದು ಪ್ರಾಣಿಯ ಬಾಯೊಳಗಿದ್ದ, ಬಹುಮಟ್ಟಿಗೆ ಒಂದು ಮಿಲಿಮೀಟರಿನ ಆಸುಪಾಸಿನ, ಹಲ್ಲಿನಾಕಾರದ ಚೂರುಗಳಿವು. ಇವನ್ನು ಪಡೆಯಬೇಕಾದರೆ ಭೂವಿಜ್ಞಾನಿಯು ಬೆಟ್ಟದ ಮೈಯಿಂದ ಸುಣ್ಣಕಲ್ಲಿನ ತುಂಡುಗಳನ್ನು ಒಡೆದು ಚೀಲಕ್ಕೆ ತುಂಬಿ, ಚೀಲದ ಮೇಲೆ ಸ್ಥಳದ ಹೆಸರನ್ನೂ ಸ್ತರದ ಸಂಖ್ಯೆಯನ್ನೂ ಬರೆದು, ಪ್ರಯೋಗಶಾಲೆಗೆ ತಂದು, ನೀರು ಬೆರೆಸಿದ ಅಸಿಟಿಕ್ ಆಮ್ಲದಲ್ಲಿ ದಿನಗಟ್ಟಲೆ ನೆನೆಯಿಡುತ್ತಾನೆ. ಸುಣ್ಣವೆಲ್ಲ ಕರಗಿಹೋಗಿ, ಫಾಸ್ಫೇಟಿನಿಂದಾದ ಈ ಚೂರುಗಳು ತಳದ ಗಸಿಯಲ್ಲಿ ಉಳಿಯುತ್ತವೆ. ಆ ಗಸಿಯನ್ನು ಜರಡಿ ಹಿಡಿದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಹರಡಿ, ಒದ್ದೆಮಾಡಿದ ಕುಂಚದ ತುದಿಯಿಂದ ಒಂದೊಂದನ್ನೇ ಎತ್ತಿಡಬೇಕು. ಇಷ್ಟೆಲ್ಲ ಪರಿಶ್ರಮದ ಫಲವು ಒಂದು ಚಿಟಿಕೆಯೊಳಗೆ ಅಡಗೀತು. ಕಲ್ಲು ಕರಗಿಹೋಗಿ ಕಾನೊಡಾಂಟ್ ಮಾತ್ರ ಉಳಿದ ಮೇಲೆ, ಅದು ಹಿಮಾಲಯದ ಕಿನ್ನೌರಿನದೋ ಕುಮಾವೂನಿನದೋ ಅಥವಾ ನ್ಯೂಯಾರ್ಕಿನದೋ ಎಂದು ನುಡಿಯಬಲ್ಲ ನೇರ ಸಾಕ್ಷಿ ಚೀಲದ ಮೇಲಿನ ಆ ಬರಹವೊಂದೇ. ಅದನ್ನು ಬರೆದವನು ಸತ್ಯವಂತನಾಗಿದ್ದರೆ ಆ ಚೂರಿನಿಂದ ಬೆಟ್ಟದ ವಯಸ್ಸು ತಿಳಿಯುತ್ತದೆ. ವಯಸ್ಸು ತಿಳಿದರೆ, ಯಾವ ಯುಗದಲ್ಲಿ ಅಲ್ಲಿ ಎಂಥ ಕಡಲಿತ್ತು, ಆ ಕಡಲು ಯಾವ ಯಾವ ಕಡಲುಗಳೊಡನೆ ಕೂಡಿತ್ತು, ಭಾರತ ಭೂಖಂಡವು ಅಂದು ಭೂಗೋಲದ ಯಾವ ಭಾಗದಲ್ಲಿತ್ತು ಎಂಬುದನ್ನೆಲ್ಲ ಬೇರೆ ವಿದ್ವಾಂಸರು ಅದರ ಆಧಾರದ ಮೇಲೆ ಊಹಿಸುತ್ತಾ ಹೋಗುತ್ತಾರೆ. ಬರಹ ಸುಳ್ಳಾಗಿದ್ದರೆ ಈ ಊಹೆಗಳಲ್ಲಿ ಯಾವುದು ನಿಂತೀತು, ಯಾವುದು ಬಿದ್ದೀತು ಎಂದು ವಿಂಗಡಿಸುವುದೇ ಒಂದು ತಲೆಮಾರಿನ ಕೆಲಸವಾಗುತ್ತದೆ.

ಇಂಥ ಪ್ರಬಂಧಗಳು ವಿದ್ವತ್ಪತ್ರಿಕೆಗಳಲ್ಲಿ ಪ್ರಕಟವಾದುದಾದರೂ ಹೇಗೆ, ಅಲ್ಲಿ ಪರೀಕ್ಷೆಯೆಂಬುದು ಇಲ್ಲವೆ ಎಂಬ ಪ್ರಶ್ನೆ ಓದುಗರಲ್ಲಿ ಏಳಬಹುದು. ಪರೀಕ್ಷೆ ಉಂಟು. ಹೆನ್ರಿ ಓಲ್ಡನ್‌ಬರ್ಗ್ ಎಂಬಾತ 1665ರಲ್ಲಿ ಲಂಡನ್ನಿನಲ್ಲಿ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಎಂಬ ಪತ್ರಿಕೆಯನ್ನು ಆರಂಭಿಸಿದಂದಿನಿಂದ ಈ ಬಗೆಯ ಪತ್ರಿಕೆಗಳು ನಡೆದುಬಂದಿವೆಯಾದರೂ, ಬಂದ ಪ್ರತಿಯೊಂದು ಪ್ರಬಂಧವನ್ನೂ ಅದೇ ವಿಷಯದ ಇಬ್ಬರು ಮೂವರು ತಜ್ಞರಿಗೆ ಕಳುಹಿಸಿ ಅವರ ಅಭಿಪ್ರಾಯ ಪಡೆಯುವ ಕ್ರಮವು ಎಲ್ಲೆಡೆಯೂ ಬೇರೂರಿದುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಸ್ವತಃ ‘ನೇಚರ್’ ಅದನ್ನು ಕಡ್ಡಾಯ ಮಾಡಿಕೊಂಡದ್ದು 1973ರಲ್ಲಿ. ಪರಿಶೀಲಕನು ನೋಡುವುದು ಕಾಗದವನ್ನು, ಕಲ್ಲನ್ನಲ್ಲ. ತರ್ಕ ಸರಿಯಾಗಿದೆಯೆ, ಚಿತ್ರಕ್ಕೂ ವರ್ಣನೆಗೂ ಹೊಂದಿಕೆಯುಂಟೆ, ಹಿಂದಿನವರ ಕೆಲಸವನ್ನು ಗಮನಿಸಿದೆಯೆ ಎಂದು ಅವನು ತೂಗಿ ಹೇಳಬಲ್ಲ. ಹಿಮಾಲಯವನ್ನು ಹತ್ತಿ ಆ ಕಲ್ಲು ಅಲ್ಲಿದೆಯೇ ಎಂದು ನೋಡಿಕೊಂಡು ಬಾ ಎಂದು ಅವನಿಗೆ ಹೇಳುವಂತಿಲ್ಲ, ಸಾಮಾನ್ಯವಾಗಿ ಅವನಿಗೆ ಸಲ್ಲುವ ಸಂಭಾವನೆಯೇ ಸೊನ್ನೆಯಾಗಿರುವಾಗ! ಈ ಪರೀಕ್ಷಾಕ್ರಮ ಏರ್ಪಟ್ಟದ್ದು ಪ್ರಾಮಾಣಿಕನ ತಪ್ಪುಗಳನ್ನು ತಿದ್ದುವುದಕ್ಕಾಗಿ. ಅಪ್ರಾಮಾಣಿಕನನ್ನು ಹಿಡಿಯುವ ಶಕ್ತಿ ಅದಕ್ಕೆ ಎಂದೂ ಇರಲಿಲ್ಲ. ಇದೆಯೆಂದು ನಾವು ಭಾವಿಸಿಕೊಂಡದ್ದೇ ಪ್ರಮಾದ.

ಪರಿಶೀಲಕನಿಗಿಂತ ಕಲ್ಲಿಗೆ ಹತ್ತಿರವಾಗಿದ್ದವರು ಬೇರೆ ಇದ್ದರು. ಗುಪ್ತರ ಪ್ರಬಂಧಗಳಲ್ಲಿ ಬಹುಪಾಲಿನ ಮೇಲೆ ಅವರೊಬ್ಬರದೇ ಹೆಸರಿರಲಿಲ್ಲ. ನಾನಾ ದೇಶಗಳ ನೂರಕ್ಕೂ ಹೆಚ್ಚು ಮಂದಿ, ಅವರಲ್ಲಿ ಕೆಲವರು ತಮ್ಮ ತಮ್ಮ ಶಾಖೆಗಳಲ್ಲಿ ಅಗ್ರಗಣ್ಯರೇ, ಕಾಲಕಾಲಕ್ಕೆ ಅವರ ಸಹಲೇಖಕರಾಗಿದ್ದರು. ವ್ಯವಹಾರ ನಡೆಯುತ್ತಿದ್ದ ರೀತಿ ಸರಳವಾದುದು. ಗುಪ್ತರು ಪಳೆಯುಳಿಕೆಗಳನ್ನು ಒಬ್ಬ ತಜ್ಞರಿಗೆ ಒದಗಿಸುವರು. ತಜ್ಞರು ಅವುಗಳ ಜಾತಿಯನ್ನು ಗುರುತಿಸಿ, ವರ್ಣನೆ ಬರೆಯುವರು. ಅವು ಯಾವ ಕಣಿವೆಯಲ್ಲಿ, ಯಾವ ಸ್ತರದಲ್ಲಿ ಸಿಕ್ಕಿದುವೆಂಬ ಭಾಗವನ್ನು ಗುಪ್ತರು ಪೂರೈಸುವರು. ಪ್ರಬಂಧವು ಇಬ್ಬರ ಹೆಸರಿನಲ್ಲಿಯೂ ಹೊರಬರುವುದು. ಸ್ಥಳದ ವಿವರಣೆಯಾದರೋ ಎಷ್ಟೋ ವೇಳೆ ಇನ್ನೊಬ್ಬನು ಹುಡುಕಿಕೊಂಡು ಹೋಗಿ ನಿಲ್ಲಲಾಗದಷ್ಟು ಅಸ್ಪಷ್ಟವಾಗಿರುತ್ತಿತ್ತು. ಸಂಪಾದಕರೂ ಪರಿಶೀಲಕರೂ ವಿದೇಶದ ಖ್ಯಾತ ತಜ್ಞರ ಹೆಸರನ್ನು ಕಂಡು, ಅವರು ನೋಡಿದ್ದಾರಲ್ಲ, ಇನ್ನೇನು ಸಂದೇಹ ಎಂದುಕೊಳ್ಳುವರು. ತಜ್ಞರು, ಸ್ಥಳದ ವಿಚಾರ ಹಿಮಾಲಯವನ್ನು ಬಲ್ಲ ಗುಪ್ತರಿಗೆ ಸೇರಿದ್ದಲ್ಲವೆ ಎಂದುಕೊಳ್ಳುವರು. ಸಾಲಪತ್ರವನ್ನು ಓದಿ ನೋಡದೆ ಜಾಮೀನಿಗೆ ಸಹಿ ಹಾಕಿದವನು, ತಾನು ಹಣವನ್ನು ಕಣ್ಣಿನಿಂದಲೂ ನೋಡಿಲ್ಲವೆಂದು ಆಮೇಲೆ ಹೇಳಿದರೆ ಯಾವ ಸೊಸೈಟಿಯವರೂ ಕೇಳಲಾರರು. ವಿದ್ವತ್ಪ್ರಪಂಚದಲ್ಲಿ ಮಾತ್ರ ಅಂಥ ಮಾತು ಬಹುಕಾಲ ನಡೆಯಿತು.

ಈ ಸಹಲೇಖಕರು ವಂಚಕರಾಗಿದ್ದರೆಂದು ನನ್ನ ಅಭಿಪ್ರಾಯವಲ್ಲ. ಅವರಲ್ಲಿ ಬಹುಮಂದಿ ವಂಚನೆಗೆ ಒಳಗಾದವರು. ಫ್ರಾನ್ಸಿನ ಫಿಲಿಪ್ ಜಾನ್ವಿಯೇ ಎಂಬ ಪ್ರಾಗ್ಜೀವಶಾಸ್ತ್ರಜ್ಞರು, ತಾವೂ ಗುಪ್ತರೊಡನೆ ಕೂಡಿ ಬರೆದವರಾಗಿದ್ದು, 1989ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ವಿಶ್ವಾಸವು ಮುರಿದುಬಿದ್ದ ಬಗೆಯನ್ನು ಕುರಿತು ಬಹಿರಂಗವಾಗಿಯೇ ಬರೆದರು. ಹಾಗೆ ಬರೆಯುವುದಕ್ಕೆ ಬೇಕಾದ ಧೈರ್ಯ ಸಾಮಾನ್ಯವಾದುದಲ್ಲ. ಆದರೆ ಒಂದು ಸಂಗತಿ ಉಳಿದೇ ಉಳಿಯುತ್ತದೆ. ಚೀಲ ಎಲ್ಲಿ, ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕ ಎಲ್ಲಿ, ಅದೇ ಕಲ್ಲಿನ ಇನ್ನೊಂದು ತುಂಡನ್ನು ಕಳುಹಿಸಿರಿ, ನಾವೇ ಆಮ್ಲದಲ್ಲಿ ಕರಗಿಸಿ ನೋಡುತ್ತೇವೆ ಎಂದು ಅವರಲ್ಲಿ ಹತ್ತು ಮಂದಿ ಆರಂಭದಲ್ಲೇ ಪಟ್ಟುಹಿಡಿದಿದ್ದರೆ, ಈ ಪ್ರಬಂಧಗಳ ಸಂಖ್ಯೆ ಮುನ್ನೂರನ್ನು ಮುಟ್ಟುತ್ತಿರಲಿಲ್ಲ. ಕೇಳದೆ ಹೋದುದಕ್ಕೆ ಕಾರಣ ದುರಾಶೆಯಷ್ಟೇ ಅಲ್ಲ, ದಾಕ್ಷಿಣ್ಯವೂ ಹೌದು. ಸಹೋದ್ಯೋಗಿಯ ಮಾತನ್ನು ಶಂಕಿಸುವುದು ಅಸಭ್ಯತೆಯೆಂಬ ಭಾವನೆ ವಿದ್ವಾಂಸರಲ್ಲಿ ಎಲ್ಲರಿಗಿಂತ ಹೆಚ್ಚು. ಅಪೂರ್ವವಾದ ಹಿಮಾಲಯದ ಸಾಮಗ್ರಿ ಕುಳಿತಲ್ಲಿಗೇ ಬಂದಾಗ ಆ ಭಾವನೆ ಮತ್ತಷ್ಟು ಬಲಿಯುವುದು ಮನುಷ್ಯಸ್ವಭಾವ.

ಟ್ಯಾಲೆಂಟರ ಶಂಕೆಗೆ ಹುಟ್ಟು ಕೊಟ್ಟುದು ಯಾವ ಗೂಢಚರ್ಯೆಯೂ ಅಲ್ಲ, ಬರಿಯ ವಿಶಾಲವಾದ ಓದು. ಆಮ್ಸ್‌ಡೆಲ್ ಕ್ರೀಕಿನ ಕಾನೊಡಾಂಟುಗಳು ಹತ್ತೊಂಬತ್ತನೆಯ ಶತಮಾನದಿಂದಲೂ ವಿದ್ವಾಂಸರಿಗೆ ಪರಿಚಿತವಾದುವು. ಎರ್ಫೂದಿನ ಅಮೊನಾಯ್ಡುಗಳೆಂಬ, ಸುರುಳಿ ಚಿಪ್ಪಿನ ಕಡಲಜೀವಿಗಳ ಪಳೆಯುಳಿಕೆಗಳಾದರೋ ನುಣುಪುಮಾಡಿ ಜಗತ್ತಿನ ನಾನಾ ನಗರಗಳ ಅಂಗಡಿಗಳಲ್ಲಿ ಅಲಂಕಾರವಸ್ತುವಾಗಿ ಮಾರಾಟವಾಗುತ್ತಿರುವಂಥವು. ಕಂಡುಬಲ್ಲ ಕಣ್ಣಿಗೆ ಇವು ಹಿಮಾಲಯದ ಹೆಸರಿನಲ್ಲಿ ಎದುರಾದಾಗ ಸಂಶಯ ಮೂಡದಿರುವುದೇ ಆಶ್ಚರ್ಯ. ಭಾರತೀಯ ಭೂವಿಜ್ಞಾನಿಗಳನ್ನೂ ಜೊತೆಗೂಡಿಸಿಕೊಂಡು ಟ್ಯಾಲೆಂಟರು ಭಾರತ, ನೇಪಾಳ, ಭೂತಾನಗಳ ಪಳೆಯುಳಿಕೆ ದಾಖಲೆಗಳಲ್ಲಿನ ಅಸಂಗತಿಗಳನ್ನು ಒಂದೊಂದಾಗಿ ಕಲೆಹಾಕಿ, 1987ರಲ್ಲಿ ಕೆನಡದ ಕ್ಯಾಲ್ಗರಿಯಲ್ಲಿ ಸೇರಿದ್ದ ವಿದ್ವತ್ಸಭೆಯ ಮುಂದಿಟ್ಟು, ಮರುವರ್ಷ ಜರ್ಮನಿಯಿಂದ ಹೊರಡುವ ನಿಯತಕಾಲಿಕವೊಂದರಲ್ಲಿ ಪ್ರಕಟಿಸಿದರು. ತಜ್ಞರಾಚೆಗೆ ಯಾರೂ ಅದನ್ನು ಗಮನಿಸಲಿಲ್ಲ. ‘ನೇಚರ್’ ಲೇಖನ ಬಂದ ಮೇಲೆಯೇ ಲೋಕಕ್ಕೆ ಎಚ್ಚರವಾದದ್ದು. ಗುಪ್ತರು ಆರೋಪಗಳನ್ನು ಸಾರಾಸಗಟಾಗಿ ಅಲ್ಲಗಳೆದು ಉತ್ತರ ಬರೆದರು. ಅದೇ ಪತ್ರಿಕೆಯಲ್ಲಿ ಪ್ರತ್ಯುತ್ತರಗಳ ಮಾಲೆ ತಿಂಗಳುಗಟ್ಟಲೆ ನಡೆಯಿತು.

ಕನ್ನಡಿಗರಾದ ನಾವು ನೆನೆಯಬೇಕಾದ ಒಂದು ವಿಷಯ ಇಲ್ಲುಂಟು. ಟ್ಯಾಲೆಂಟರೂ ಅವರ ಸಹಚರರೂ ಆ ಬಳಿಕ ಬರೆದ ಸವಿಸ್ತರವಾದ ಲೇಖನಗಳು, ಒಂದೇ ವಸ್ತುವನ್ನು ಬೇರೆ ಬೇರೆ ಸ್ಥಳಗಳದೆಂದು ಮತ್ತೆ ಮತ್ತೆ ತೋರಿಸಿದ ಉದಾಹರಣೆಗಳು, ಇತರರ ಕೃತಿಗಳಿಂದ ಎತ್ತಿಕೊಂಡ ಭಾಗಗಳ ವಿವರ, ಇವು 1989, 1990ರಲ್ಲಿ ಪ್ರಕಟವಾದುದು ಬೆಂಗಳೂರಿನಿಂದ ಹೊರಡುವ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ. ಆಗ ಅದರ ಸಂಪಾದಕತ್ವ ವಹಿಸಿದ್ದವರು ಬಿ. ಪಿ. ರಾಧಾಕೃಷ್ಣ. ದೇಶದ ಮಾನ ಹೋಗುತ್ತದೆ, ಮನೆಯ ಮಾತು ಮನೆಯಲ್ಲಿಯೇ ಇರಲಿ ಎಂದು ಬಾಗಿಲು ಹಾಕಿಕೊಳ್ಳುವುದು ಸುಲಭವಾಗಿತ್ತು. ಹೊರಗಿನವನೊಬ್ಬ ಭಾರತೀಯ ವಿದ್ವಾಂಸನ ಮೇಲೆ ಹೊರಿಸಿದ ದೋಷಗಳ ಪಟ್ಟಿಗೆ ಭಾರತೀಯ ಪತ್ರಿಕೆಯೇ ತನ್ನ ಪುಟಗಳನ್ನು ಬಿಟ್ಟುಕೊಟ್ಟಿತು. ದೇಶದ ಮಾನವು ಉಳಿದದ್ದು ಹಾಗೆ ಎಂಬುದು ನನ್ನ ಎಣಿಕೆ.

ಪಂಜಾಬ್ ವಿಶ್ವವಿದ್ಯಾನಿಲಯದ ನಡವಳಿಕೆಯನ್ನು ಕುರಿತು ಅಷ್ಟೇ ಸಂತೋಷದಿಂದ ಬರೆಯಲಾರೆ. ವಿಚಾರಣೆ ನಡೆಯಿತು, ಗುಪ್ತರು ದೋಷಿಯೆಂದು ಕಂಡುಬಂದರು, ಆದರೂ ಕೆಲಸದಿಂದ ತೆಗೆದುಹಾಕಲಿಲ್ಲ, ನಿವೃತ್ತಿಯಾಗುವವರೆಗೂ ಅವರು ಅಲ್ಲಿಯೇ ಇದ್ದರು. ಇತ್ತ, ಹಿಮಾಲಯದ ಚಳಿಯಲ್ಲಿ ಬೆನ್ನ ಮೇಲೆ ಕಲ್ಲು ಹೊತ್ತು ಪ್ರಾಮಾಣಿಕವಾಗಿ ದುಡಿದ ಇತರ ಭಾರತೀಯ ವಿಜ್ಞಾನಿಗಳ ಕೆಲಸವನ್ನೂ ಹೊರದೇಶದವರು ವರ್ಷಗಟ್ಟಲೆ ಅರೆಗಣ್ಣಿನಿಂದ ನೋಡುವಂತಾಯಿತು. ವಂಚನೆಯ ದಂಡವನ್ನು ತೆತ್ತವರು ವಂಚಿಸದವರು.

ಆ ಬಳಿಕ ನಿಯಮಗಳು ಬೆಳೆದಿವೆ. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಪತ್ರಿಕೆಗಳ ಸಂಪಾದಕರು ಕೂಡಿ, ಪ್ರಕಟನೆಯ ನೀತಿಯನ್ನು ಕುರಿತು ಸಮಾಲೋಚಿಸುವ ಸಮಿತಿಯೊಂದನ್ನು ಕಟ್ಟಿದರು. ಇಂದು ಜಗತ್ತಿನ ಸಾವಿರಾರು ಪತ್ರಿಕೆಗಳು ಅದರ ಮಾರ್ಗಸೂಚಿಯನ್ನು ಅನುಸರಿಸುತ್ತವೆ. ದೋಷವುಳ್ಳ ಪ್ರಬಂಧವನ್ನು ಸದ್ದಿಲ್ಲದೆ ಕಿತ್ತುಹಾಕದೆ, ಹಿಂತೆಗೆದುಕೊಂಡಿದೆಯೆಂದು ಕಾರಣಸಹಿತ ಸಾರಬೇಕೆಂಬುದು ಅದರ ಮುಖ್ಯ ವಿಧಿಗಳಲ್ಲೊಂದು. ವೈದ್ಯಪತ್ರಿಕೆಗಳ ಸಂಪಾದಕರ ಮತ್ತೊಂದು ಅಂತರರಾಷ್ಟ್ರೀಯ ಸಮಿತಿಯು, ಯಾರು ಲೇಖಕರೆನಿಸಿಕೊಳ್ಳಲು ಅರ್ಹರು ಎಂಬುದಕ್ಕೆ ಲಕ್ಷಣ ಹೇಳಿ, ಕೆಲಸದಲ್ಲಿ ಗಣ್ಯವಾದ ಪಾಲು, ಬರೆಯುವುದರಲ್ಲಿಯೋ ತಿದ್ದುವುದರಲ್ಲಿಯೋ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ ಎಂಬ ಮೂರರ ಜೊತೆಗೆ 2013ರಲ್ಲಿ ನಾಲ್ಕನೆಯದೊಂದನ್ನು ಸೇರಿಸಿತು. ಅದೇನೆಂದರೆ, ಪ್ರಬಂಧದ ಯಾವುದೇ ಭಾಗದ ಸತ್ಯತೆಯ ಬಗ್ಗೆ ಪ್ರಶ್ನೆಯೆದ್ದರೂ ಅದು ಸರಿಯಾಗಿ ವಿಚಾರಣೆಗೊಳ್ಳುವಂತೆ ನೋಡಿಕೊಳ್ಳುವ ಹೊಣೆ ಪ್ರತಿಯೊಬ್ಬ ಲೇಖಕನದು. ಸ್ಥಳದ ವಿಚಾರ ನನ್ನದಲ್ಲ ಎಂಬ ಮಾತಿಗೆ ಈ ವಿಧಿಯಲ್ಲಿ ಎಡೆಯಿಲ್ಲ.

ನಮ್ಮಲ್ಲಿಯಾದರೋ ಹೆಸರು ಸೇರಿಸುವುದು ಈಗಲೂ ಒಂದು ಉಪಚಾರ. ಪಿಎಚ್.ಡಿ. ವಿದ್ಯಾರ್ಥಿ ಬರೆದ ಪ್ರಬಂಧಕ್ಕೆ ಗೈಡಿನ ಹೆಸರು, ಗೈಡಿನ ಜೊತೆಗೆ ವಿಭಾಗದ ಮುಖ್ಯಸ್ಥರ ಹೆಸರು, ಉಪಕರಣವನ್ನು ಬಳಸಲು ಬಿಟ್ಟವರದೊಂದು, ಮುಂದಿನ ತಿಂಗಳು ಬಡ್ತಿಯ ಸಂದರ್ಶನಕ್ಕೆ ಹೋಗಲಿರುವ ಮಿತ್ರರದೊಂದು. ಓದದೆಯೇ ಹೆಸರು ಹಾಕಿಸಿಕೊಂಡವರಿಗೆ, ಆ ಪ್ರಬಂಧ ಪ್ರಶಂಸೆ ಪಡೆದಾಗ ಅದರ ನೆನಪು ಚೆನ್ನಾಗಿರುತ್ತದೆ. ಬಡ್ತಿಯನ್ನು ಪ್ರಬಂಧಗಳ ಎಣಿಕೆಗೆ ಗಂಟುಹಾಕಿದ ಮೇಲಂತೂ ಎಣಿಕೆಯನ್ನು ಒದಗಿಸುವ ವ್ಯಾಪಾರವೇ ಬೆಳೆದಿದೆ. 2013ರಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆಯ ಪರವಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನ ಸತ್ತ್ವದಿಂದ ಕ್ಯಾನ್ಸರನ್ನು ತಡೆಯಬಹುದೆಂಬ, ಯಾವ ತಜ್ಞನಿಗೂ ಕಣ್ಣಿಗೆ ರಾಚುವಂಥ ತಪ್ಪುಗಳನ್ನು ಬೇಕೆಂದೇ ತುಂಬಿದ ಕಪೋಲಕಲ್ಪಿತ ಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳುಹಿಸಿದನು. 157 ಪತ್ರಿಕೆಗಳು ಅದನ್ನು ಪ್ರಕಟಣೆಗೆ ಒಪ್ಪಿಕೊಂಡವು. ಹಾಗೆ ಒಪ್ಪಿದ ಪತ್ರಿಕೆಗಳಲ್ಲಿ ನಮ್ಮ ದೇಶದವು ಗಣನೀಯವಾಗಿದ್ದುವು. 2023ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಹಿಂತೆಗೆದ ಪ್ರಬಂಧಗಳ ಸಂಖ್ಯೆ ಹತ್ತು ಸಾವಿರವನ್ನು ದಾಟಿತು.

ಸರ್ಕಾರವೂ ಸುಮ್ಮನಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2018ರಲ್ಲಿ ಕೃತಿಚೌರ್ಯದ ವಿರುದ್ಧ ನಿಯಮಾವಳಿಯನ್ನು ಹೊರಡಿಸಿ, ಇತರರ ಬರಹದೊಡನೆ ಶೇಕಡ 10ರವರೆಗಿನ ಸಾಮ್ಯಕ್ಕೆ ದಂಡವಿಲ್ಲವೆಂದೂ, ಮಹಾಪ್ರಬಂಧದಲ್ಲಿ ಅದು 40ರವರೆಗೆ ಇದ್ದರೆ ತಿದ್ದಿ ಆರು ತಿಂಗಳೊಳಗೆ ಮತ್ತೆ ಸಲ್ಲಿಸಬೇಕೆಂದೂ, 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲವೆಂದೂ, ಅದನ್ನು ಮೀರಿದರೆ ನೋಂದಣಿಯೇ ರದ್ದೆಂದೂ ಗೊತ್ತುಮಾಡಿತು. ಅಂದಿನಿಂದ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಮಹಾಪ್ರಬಂಧವನ್ನು ಗಣಕಯಂತ್ರಕ್ಕೆ ಉಣಿಸಿ, ಅದು ಹೊರಡಿಸುವ ಅಂಕಿಯನ್ನು ಪ್ರಮಾಣಪತ್ರದಂತೆ ಲಗತ್ತಿಸುವುದು ರೂಢಿಯಾಗಿದೆ. ಅಂಕಿ ಹೆಚ್ಚಾದರೆ ಪದಗಳನ್ನು ಹಿಂದುಮುಂದು ಮಾಡಿ ಇಳಿಸಿಕೊಡುವವರೂ ಹುಟ್ಟಿಕೊಂಡಿದ್ದಾರೆ. ಈ ಯಂತ್ರ ಅಳೆಯುವುದು ಮಾತನ್ನು. ಗುಪ್ತರ ಪ್ರಬಂಧಗಳಲ್ಲಿ ಪರಕೀಯವಾದ ಮಾತುಗಳೂ ಇದ್ದುವೆಂಬ ಆಕ್ಷೇಪವಿತ್ತು, ನಿಜ. ಆದರೆ ಭೂವಿಜ್ಞಾನಕ್ಕೆ ಪೆಟ್ಟು ಬಿದ್ದುದು ಆ ಮಾತುಗಳಿಂದಲ್ಲ, ಪರಸ್ಥಳದ ಕಲ್ಲುಗಳಿಂದ. ಕಾನೊಡಾಂಟಿನ ಚಿತ್ರಕ್ಕೆ ಹೊಸದಾಗಿ, ಸ್ವಂತ ವಾಕ್ಯಗಳಲ್ಲಿ ಬರೆದ ಸುಳ್ಳು ವಿಳಾಸಕ್ಕೆ ಆ ಯಂತ್ರವು ಶೇಕಡ ಸೊನ್ನೆ ಎಂದು ಬರೆದು, ತೇರ್ಗಡೆ ಮಾಡಿ ಕಳುಹಿಸುತ್ತಿತ್ತು. ಅಂಥದನ್ನು ಹಿಡಿಯಬೇಕಾದರೆ ವರ್ಣಿಸಿದ ವಸ್ತುವು ಸಂಖ್ಯೆಸಮೇತ ಒಂದು ಸಾರ್ವಜನಿಕ ಸಂಗ್ರಹಾಲಯದಲ್ಲಿರಬೇಕು; ಕ್ಷೇತ್ರದ ಟಿಪ್ಪಣಿ ಪುಸ್ತಕವು ಕೇಳಿದವರಿಗೆ ಸಿಗಬೇಕು; ಕೆಳಗೆ ಹೆಸರು ಹಾಕುವವರಲ್ಲಿ ಒಬ್ಬರಾದರೂ ಆ ಕಣಿವೆಗೆ ಹೋಗಿಬಂದು, ಮತ್ತೊಂದು ಚೀಲ ಕಲ್ಲನ್ನು ತಾವೇ ಒಡೆದು ತಂದಿರಬೇಕು. ಇದಕ್ಕೆ ಖರ್ಚು ತಗಲುತ್ತದೆ, ಕಾಲ ಹಿಡಿಯುತ್ತದೆ, ವರ್ಷಕ್ಕೆ ಹತ್ತು ಪ್ರಬಂಧಗಳ ಜಾಗದಲ್ಲಿ ಒಂದೋ ಎರಡೋ ಆದಾವು. ಬಡ್ತಿಯ ಸಮಿತಿಗಳು ಆ ಒಂದನ್ನೋ ಎರಡನ್ನೋ ಕೈಗೆತ್ತಿಕೊಂಡು, ಎಣಿಸದೆ, ಕುಳಿತು ಓದಲು ಸಿದ್ಧವಾಗಿವೆಯೆ ಎಂಬುದನ್ನು ಆಯೋಗದ ನಿಯಮಾವಳಿಯು ಈವರೆಗೆ ಕೇಳಿಲ್ಲ.