ಸಾರ ಕಳೆದ ಯುರೇನಿಯಂ

ಗಂಗೊಳ್ಳಿಯಲ್ಲಿ ಬಲೆಯ ಅಂಚಿಗೆ ಸೀಸದ ಗುಂಡುಗಳನ್ನು ಕಟ್ಟುವುದನ್ನು ವಾಚಕರು ನೋಡಿರಬಹುದು. ಕಲ್ಲನ್ನು ಬಿಟ್ಟು ಸೀಸವೇ ಏಕೆ? ಗಾತ್ರ ಕಿರಿದು, ಭಾರ ಹಿರಿದು ಎಂಬುದೇ ಅದರ ಗುಣ. ಒಂದು ಘನ ಸೆಂಟಿಮೀಟರ್ ಸೀಸವು ೧೧.೩ ಗ್ರಾಂ ತೂಗಿದರೆ, ಅಷ್ಟೇ ಗಾತ್ರದ ಯುರೇನಿಯಂ ೧೯ ಗ್ರಾಮಿಗೂ ತುಸು ಮಿಗಿಲಾಗಿ ತೂಗುವುದು. ಟ್ಯಾಂಕುಗಳ ಉಕ್ಕಿನ ಕವಚವನ್ನು ಭೇದಿಸುವ ಗುಂಡಿಗೆ ಈ ಲೋಹವನ್ನು ಆರಿಸಿದುದಕ್ಕೆ ಮೊದಲ ಕಾರಣ ಈ ಭಾರವೇ ಹೊರತು ಪರಮಾಣು ಶಕ್ತಿಯಲ್ಲ.

ನಿಸರ್ಗದಲ್ಲಿ ದೊರೆಯುವ ಯುರೇನಿಯಮ್ಮಿನಲ್ಲಿ ಸುಲಭವಾಗಿ ವಿದಳನ ಹೊಂದುವ ಯುರೇನಿಯಂ-೨೩೫ರ ಅಂಶ ಶೇಕಡಾ ೦.೭ ಮಾತ್ರ, ಉಳಿದುದೆಲ್ಲ ಬಹುಮಟ್ಟಿಗೆ ಯುರೇನಿಯಂ-೨೩೮. ನೆರೆಯ ಉತ್ತರ ಕನ್ನಡದ ಕೈಗಾ ವಿದ್ಯುತ್ ಸ್ಥಾವರಕ್ಕೆ ಈ ನೈಸರ್ಗಿಕ ಯುರೇನಿಯಮ್ಮೇ ಸಾಕು. ಬೇರೆ ಬಗೆಯ ಹಲವು ಸ್ಥಾವರಗಳಿಗೆ ೨೩೫ರ ಅಂಶವನ್ನು ಹೆಚ್ಚಿಸಬೇಕಾಗುತ್ತದೆ. ಕೊಬ್ಬರಿಯಿಂದ ಎಣ್ಣೆ ತೆಗೆದ ಮೇಲೆ ಗಾಣದಲ್ಲಿ ಹಿಂಡಿ ಉಳಿಯುವಂತೆ, ಇಲ್ಲಿಯೂ ಒಂದು ಶೇಷ ಉಳಿಯುವುದು. ಅದೇ ಸಾರ ಕಳೆದ ಯುರೇನಿಯಂ. ೨೩೫ರ ಅಂಶ ಇದರಲ್ಲಿ ಸಾಮಾನ್ಯವಾಗಿ ಶೇಕಡಾ ೦.೨ರಿಂದ ೦.೩.

ಈ ಶೇಷವು ಫ್ಲೋರೈಡ್ ರೂಪದಲ್ಲಿರುತ್ತದೆ. ಹಂತಹಂತವಾಗಿ ಅದನ್ನು ಮಾರ್ಪಡಿಸಿ, ಮೆಗ್ನೀಸಿಯಮ್ಮಿನೊಡನೆ ಕಾಯಿಸಿ ಲೋಹವನ್ನು ಪಡೆಯುವರು. ಬಲ ಹೆಚ್ಚಲೆಂದು ಸುಮಾರು ಶೇಕಡಾ ೦.೭೫ರಷ್ಟು ಟೈಟೇನಿಯಂ ಬೆರೆಸಿ ನೀಳವಾದ ಶಲಾಕೆಗಳನ್ನಾಗಿ ಮಾಡುವರು. ಟಂಗ್‌ಸ್ಟನ್ ಸಹ ಇಷ್ಟೇ ಭಾರದ ಲೋಹ. ಆದರೆ ಕವಚಕ್ಕೆ ಬಡಿದಾಗ ಅದರ ಮೊನೆ ಅಣಬೆಯಂತೆ ಮೊಂಡಾಗುವುದು. ಯುರೇನಿಯಮ್ಮಿನ ಮೊನೆಯಾದರೋ ಅಂಚಿನಲ್ಲಿ ಕಳಚಿ ಕಳಚಿ ಮತ್ತೆ ಹರಿತವಾಗುವುದು. ಸಿಡಿದ ಪುಡಿ ಗಾಳಿಯಲ್ಲಿ ತಾನಾಗಿ ಹೊತ್ತಿಕೊಳ್ಳುವುದು.

೧೯೯೧ರ ಕೊಲ್ಲಿ ಯುದ್ಧದಲ್ಲಿ ಇಂತಹ ಗುಂಡುಗಳ ರೂಪದಲ್ಲಿ ಸುಮಾರು ೩೦೦ ಟನ್ ಯುರೇನಿಯಂ ಬಳಕೆಯಾಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಎಷ್ಟೋ ಮನೆಗಳವರು ಕೊಲ್ಲಿ ನಾಡುಗಳಲ್ಲಿ ದುಡಿಯುತ್ತಿರುವುದರಿಂದ, ಅಪಾಯವೆಷ್ಟು ಎಂಬ ಪ್ರಶ್ನೆ ನಮಗೆ ದೂರದ್ದಲ್ಲ.

ಯುರೇನಿಯಂ-೨೩೮ರ ಅರ್ಧಾಯು ಸುಮಾರು ೪೫೦ ಕೋಟಿ ವರ್ಷ. ಅಷ್ಟು ನಿಧಾನವಾಗಿ ಕ್ಷಯಿಸುವುದರಿಂದಲೇ ಅದರ ವಿಕಿರಣ ಮಂದ. ಅದರ ಆಲ್ಫಾ ಕಣಗಳನ್ನು ನಮ್ಮ ಚರ್ಮವೇ ತಡೆಯಬಲ್ಲುದು. ಆದರೆ ಧೂಳು ಉಸಿರಿನೊಡನೆ ಒಳಹೊಕ್ಕರೆ ಆ ತಡೆ ಇಲ್ಲ. ಮೇಲಾಗಿ, ಸೀಸದಂತೆ ಇದೂ ವಿಷಲೋಹ; ಮೂತ್ರಪಿಂಡಗಳಿಗೆ ಹಾನಿಕರ. ಸಾರ ಕಳೆದಿದೆಯೆಂದರೆ ವಿಷವೂ ಕಳೆದಿದೆಯೆಂದು ತಿಳಿಯಲಾಗದು.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯು ಕುವೈತಿನಲ್ಲಿ ಪರೀಕ್ಷೆ ನಡೆಸಿ ೨೦೦೩ರಲ್ಲಿ ವರದಿಯನ್ನು ಪ್ರಕಟಿಸಿತು. ಆ ಅವಶೇಷಗಳಿಂದ ಅಲ್ಲಿನ ಜನಕ್ಕೆ ವಿಕಿರಣದ ಅಪಾಯವಿಲ್ಲವೆಂದೂ, ಆದರೆ ಗುಂಡಿನ ಚೂರುಗಳನ್ನು ಬಹುಕಾಲ ಮೈಗೆ ತಾಗಿಸಿಕೊಂಡಿರಬಾರದೆಂದೂ ಅದರ ನಿರ್ಣಯ. ಚೂರಿನಿಂದ ಹೊಮ್ಮುವ ಬೀಟಾ ಕಿರಣಗಳು ಚರ್ಮವನ್ನು ಹೊಗಬಲ್ಲವು. ಆದುದರಿಂದ ಹಳೆಯ ರಣಭೂಮಿಯಲ್ಲಿ ಕಪ್ಪಗಿನ ಲೋಹದ ತುಂಡು ಕಂಡರೆ, ಊರಿಗೆ ಒಯ್ಯುವ ನೆನಪಿನ ವಸ್ತುವೆಂದು ಯಾರೂ ಅದನ್ನು ಜೇಬಿಗಿಳಿಸಬಾರದು.